ಸಿಂಕಿನ ಟ್ಯೂಬು

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಸ್ಪತ್ರೆಯ ಗೇಟು ಕೈಗೆ ತಾಗಿದ ಮೇಲೆಯೇ ಕಣ್ಣಿಗೆ ಬಿತ್ತು. ಹಿರಿಯ ಓರಗಿತ್ತಿ ಲ್ಯಾಬಿನ ಬೀಗ ತೆಗೆದು, ಎಂದಿನಂತೆ ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಮನಸ್ಸು ನಿಲ್ಲಲಿಲ್ಲ. ಫ್ರಿಜ್ಜಿನೊಳಗೆ, ಅವಳ ಸ್ಟ್ಯಾಂಡಿನಲ್ಲಿ, ಅವಳದಲ್ಲದ ಟ್ಯೂಬೊಂದಿತ್ತು.

ರೋಗಾಣು ಬೆಳೆಸಿ, ಯಾವ ಆಂಟಿಬಯೋಟಿಕ್‌ಗೆ ಸಾಯುತ್ತವೆಂದು ನೋಡುವುದು ಹದಿನೆಂಟು ವರ್ಷದಿಂದ ಅವಳ ಕೆಲಸ. ಮೈದುನನ ಹೆಂಡತಿಯನ್ನು ಇಲ್ಲಿಗೆ ಸೇರಿಸಿ, ಕೈಹಿಡಿದು ಕಲಿಸಿದವಳೂ ಅವಳೇ. ಈಗ ತೀವ್ರ ನಿಗಾ ಘಟಕದಲ್ಲಿ ಮೂವರಿಗೆ ಮೂರು ಬಗೆಯ ರೋಗಾಣು ತಗುಲಿ, ಯಾವ ಔಷಧಕ್ಕೂ ಜಗ್ಗುತ್ತಿರಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲವೆಂದು ಹಿರಿಯಳು ವರದಿ ಬರೆದು ಸುಮ್ಮನಾಗಿದ್ದಳು. ಮೂರರೊಳಗೂ ಔಷಧಕ್ಕೆ ಜಗ್ಗದಂತೆ ಮಾಡುವ ಒಂದೇ ಜೀನಿನ ಉಂಗುರವಿದೆ, ಅದು ಘಟಕದ ಸಿಂಕಿನ ತೂತಿನಲ್ಲಿ ಬೆಳೆದ ರೋಗಾಣುವಿನಲ್ಲೂ ಇದೆ ಎಂದು ಕಂಡುಹಿಡಿದವಳು ಕಿರಿಯಳು. ದೊಡ್ಡ ಡಾಕ್ಟರು ಎಲ್ಲರೆದುರು ಅವಳನ್ನು ಹೊಗಳಿದಾಗ ಹಿರಿಯಳೂ ನಕ್ಕಳು. ತಾನು ಕಲಿಸಿದವಳೇ ತನ್ನ ವರದಿ ಸುಳ್ಳಾಗಿಸಿದ್ದನ್ನು ಸಹಿಸಲಾಗಲಿಲ್ಲ. ಹೊಗಳಿದ ದಿನ ಸಂಜೆಯೇ, ಸಿಂಕಿನ ರೋಗಾಣುವಿದ್ದ ಕಿರಿಯಳ ಟ್ಯೂಬಿಗೆ ತನ್ನ ಹೆಸರಿನ ಚೀಟಿ ಅಂಟಿಸಿ ತನ್ನ ಸ್ಟ್ಯಾಂಡಿನಲ್ಲಿಟ್ಟುಕೊಂಡಳು.

ಕಿರಿಯಳು ಬಂದವಳೇ ಫ್ರಿಜ್ಜು ಜಾಲಾಡಿದಳು.

"ಅಕ್ಕಾ, ನನ್ನ ಸಿಂಕಿನ ಟ್ಯೂಬ್ ಕಂಡ್ರಾ? ಟೆಸ್ಟ್ ಇನ್ನೊಂದ್ ಸಲ ಮಾಡಿ ತೋರ್ಸಿದ್ರೇನೇ ಸಿಂಕ್ ಒಡೆಸ್ತಾರಂತೆ."

"ಹೊಗಳಿಕೆ ಜೋಪಾನವಾಗಿ ಇಟ್ಕೊಂಡೆ, ಟ್ಯೂಬ್ ಇಟ್ಕೊಳ್ಳೋಕಾಗ್ಲಿಲ್ವಾ?"

ಕಿರಿಯಳು ಕೊಂಕನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಂಕಿನ ಪಕ್ಕದ ಮಂಚಕ್ಕೆ ಮಧ್ಯಾಹ್ನ ಬಾಣಂತಿಯೊಬ್ಬಳು ಬರುತ್ತಾಳೆ, ಅದೇ ಭಯ ಎಂದಳು. ಹಿರಿಯಳು ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಮಾತು ತಪ್ಪಿಸಲು, ಒಂದು ಜಾತಿಯ ರೋಗಾಣುವಿನ ಉಂಗುರ ಇನ್ನೊಂದಕ್ಕೆ ಹೋಗುವುದಾದರೂ ಹೇಗೆ ಎಂದು ಕೇಳಿದಳು.

"ಪಕ್ಕದ್ದಕ್ಕೆ ಅಂಟಿಕೊಂಡು ನಕಲು ಮಾಡಿ ಕೊಡುತ್ತೆ ಅಕ್ಕಾ. ಕೊಟ್ಟ ಮೇಲೂ ತನ್ನದು ತನ್ನ ಹತ್ರಾನೇ ಇರುತ್ತೆ. ನೀವು ನಂಗೆ ಕೆಲಸ ಕಲಿಸಿದ್ರಲ್ಲ, ಹಾಗೆ."

ಹಾಗೆಂದು ಕೈಗವಸು ತೊಟ್ಟು, ಎಸೆಯುವ ಡಬ್ಬಿಯಲ್ಲಿ ಹುಡುಕಲು ಪಕ್ಕದ ಕೋಣೆಗೆ ಹೋದಳು.

ಹಿರಿಯಳು ಫ್ರಿಜ್ಜು ತೆರೆದಳು. ಹಳೆಯ ಚೀಟಿ ಕೀಳಬಾರದು, ಹೊಸದನ್ನು ಅದರ ಮೇಲೇ ಅಂಟಿಸಬೇಕು ಎಂಬುದು ಅವಳೇ ಕಲಿಸಿದ ಪಾಠ. ಕದಿಯುವಾಗಲೂ ಕೈ ಆ ರೂಢಿ ಬಿಟ್ಟಿರಲಿಲ್ಲ. ಉಗುರಿನಿಂದ ತನ್ನ ಚೀಟಿ ಎಬ್ಬಿಸಿದಳು. ಅಡಿಯಲ್ಲಿ ಓರಗಿತ್ತಿಯ ಗುಂಡು ಅಕ್ಷರ ಹಾಗೇ ಇತ್ತು.

ಪಕ್ಕದ ಕೋಣೆಗೆ ಹೋಗಿ, ಬಗ್ಗಿ ಹುಡುಕುತ್ತಿದ್ದವಳ ಕೈಗೆ ಟ್ಯೂಬನ್ನಿಟ್ಟಳು. ಕಿರಿಯಳು ಅಂಟಿನ ಕಲೆ ನೋಡಿದಳು, ಅಂಟು ಮೆತ್ತಿದ ಅಕ್ಕನ ಉಗುರು ನೋಡಿದಳು.