ಅರ್ಧ ನೇಯ್ದ ಸೀರೆ

ಓಡುವಾಗ ಗಾಡಿಗೆ ಯಾವ ರೋಗವೂ ಇರಲಿಲ್ಲ. ನಿಲ್ಲಿಸಲು ಹೋದರೆ ಮಾತ್ರ ಆರಿಹೋಗುತ್ತಿತ್ತು. ತಳಕಿನ ಹತ್ತಿರ ಕುರಿಮಂದೆ ಅಡ್ಡ ಬಂದಾಗ ಒಮ್ಮೆ, ಚಳ್ಳಕೆರೆಯೊಳಗೆ ಶೇಂಗಾ ಚೀಲದ ಎತ್ತಿನಗಾಡಿಯ ಹಿಂದೆ ಇನ್ನೊಮ್ಮೆ ಎಂಜಿನ್ ಸುಮ್ಮನಾಯಿತು. ಮಂಗಳಗೌರಿ ಎರಡು ಸಲವೂ ಸಿಡುಕದೆ, ಗಾಬರಿಯಾಗದೆ ಮತ್ತೆ ಚಾಲೂ ಮಾಡಿದಳು. ಗಂಡ ಹೋದ ಮೇಲೆ ಅವಳಿಗೆ ಎಲ್ಲವೂ ಹೀಗೇ ಆಗಿತ್ತು, ನಾಲಿಗೆ ಸುಟ್ಟುಕೊಂಡವರು ಊಟ ಮಾಡಿದ ಹಾಗೆ.

ಅದು ಐವತ್ತೆಂಟನೇ ಇಸವಿಯ ಫಿಯಟ್. ಇನ್ನೊಂದು ವರ್ಷಕ್ಕೆ ನಲವತ್ತು ತುಂಬುತ್ತದೆ. ಮೊಳಕಾಲ್ಮೂರಿನ ಮನೆಯಲ್ಲಿ ಎರಡು ಮಗ್ಗ ಇದ್ದವು. ಒಂದರಲ್ಲಿ ಗಂಡ ಸಿದ್ದಲಿಂಗೇಶ್ ತಾನೇ ಕೂರುತ್ತಿದ್ದ. ನೇಯ್ದ ಸೀರೆಗಳನ್ನು ಈ ಕಾರಿನಲ್ಲೇ ಚಳ್ಳಕೆರೆಯ ಅಂಗಡಿಗಳಿಗೆ ತರುತ್ತಿದ್ದ. ಕೆರೆ ಏರಿಯ ಮೇಲೆ ಹೆಂಡತಿಗೂ ಓಡಿಸಲು ಕಲಿಸಿದ್ದ. ಸಂಕ್ರಾಂತಿ ಕಳೆದ ಮರುವಾರ ಮಗ್ಗದ ಮುಂದೆಯೇ ಎದೆ ಹಿಡಿದುಕೊಂಡು ಒರಗಿದವನು ಮತ್ತೆ ಏಳಲಿಲ್ಲ.

ಅವನು ಹೋದದ್ದೇ ಗಾಡಿ ಹೀಗೆ ಶುರುಮಾಡಿತು. "ಒಡೆಯನಿಲ್ಲದ್ದು ಅದಕ್ಕೂ ಗೊತ್ತಾಗೈತೆ, ಮನೇಲಿ ಇಟ್ಕಾಬ್ಯಾಡ" ಎಂದರು ಅತ್ತೆ ಬಸವಲಿಂಗಮ್ಮ. ಭಾವ ಜಂಬುಲಿಂಗಪ್ಪ ಬಳ್ಳಾರಿಯವನೊಬ್ಬನನ್ನು ಸೋಮವಾರ ಬಂದು ಗಾಡಿ ನೋಡಿ ಕೊಳ್ಳಲು ಕರೆದೂ ಆಗಿತ್ತು. "ನೀನು ಮನೇಲಿರಮ್ಮ. ಸೀರೆ ಅಂಗಡಿಗೆ ನಾನು ಕೊಟ್ಟು ಬರ್ತೀನಿ" ಎಂದಿದ್ದ. ಭಾವ ಕೆಟ್ಟವನಲ್ಲ. ಆದರೆ ಗಾಡಿ ಹೋದರೆ ಅಂಗಡಿಗಳು ಅವನ ಕೈಗೆ ಹೋಗುತ್ತವೆ, ಅಂಗಡಿ ಹೋದರೆ ಮಗ್ಗವೂ. ಆಮೇಲೆ ತಾನು ಇನ್ನೊಬ್ಬರ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಕೂರಬೇಕು. ಇದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದರೂ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಶನಿವಾರ ಎದ್ದು ಸೀರೆ ಗಂಟು ಹಿಂದಿನ ಸೀಟಿಗೆ ಹಾಕಿಕೊಂಡು ಹೊರಟಳು, ಅಷ್ಟೆ.

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಪಕ್ಕ ಪಾಲಾಕ್ಷನ ಗ್ಯಾರೇಜು. ಬಾನೆಟ್ ಎತ್ತಿದವನೇ ನಕ್ಕ.

"ಯಾವನ್ರೀ ಅಕ್ಕಾ ಈ ಸ್ಕ್ರೂ ಇಷ್ಟು ತಿರುವಿರಾದು? ನಿಂತಲ್ಲಿ ರೈಸ್ ಮಿಲ್ ಥರ ಕೂಗ್ತೈತಲ್ಲ!"

"ನಮ್ಮೂರ ಮೆಕ್ಯಾನಿಕ್. ಹಂಗೆ ಮಾಡಿದ್ರೆ ಆರಲ್ಲ ಅಂದ."

"ಆರ್ತೈತಾ?"

"ಕೂಗ್ತಾ ಕೂಗ್ತಾನೇ ಆರ್ತೈತೆ."

ಪಾಲಾಕ್ಷ ಸ್ಕ್ರೂ ಹಿಂದಕ್ಕೆ ತಿರುಗಿಸಿದ. ಪ್ಲಗ್ಗು ಬಿಚ್ಚಿ ನೋಡಿದ, ಕರೆಂಟು ಸರಿಯಾಗಿತ್ತು. ಎಂಜಿನ್ ಚಾಲೂ ಮಾಡಿ, ಅದು ಇನ್ನೇನು ಆರುತ್ತದೆ ಅನ್ನುವಾಗ ಹೆಚ್ಚು ಪೆಟ್ರೋಲು ಕುಡಿಸುವ ಚೋಕ್ ಎಳೆದ. ಎಂಜಿನ್ ಉಳಿದುಕೊಂಡಿತು. ಬಿಟ್ಟ, ಆರಿತು.

"ಹೊಟ್ಟೆಗೆ ಸಾಲ್ತಿಲ್ಲ" ಎಂದ. "ಓಡುವಾಗ ದೊಡ್ಡ ತೂತಲ್ಲಿ ಪೆಟ್ರೋಲು ಕುಡೀತೈತೆ. ನಿಂತಾಗ ಸಣ್ಣ ತೂತಲ್ಲಿ ಕುಡೀಬೇಕು. ಅಲ್ಲೇನೋ ಕುಂತೈತೆ."

ಕಾರ್ಬುರೇಟರಿನಿಂದ ಆ ಸಣ್ಣ ತೂತಿನ ಹಿತ್ತಾಳೆಯ ಜೆಟ್ ಬಿಚ್ಚಿ ಬಿಸಿಲಿಗೆ ಹಿಡಿದ. ಬೆಳಕು ದಾಟಲಿಲ್ಲ. ತೆಳು ತಂತಿ ತೂರಿಸಿ ಮೆಲ್ಲಗೆ ಎಳೆದ. ತುದಿಯಲ್ಲಿ ಒಂದು ಎಳೆ ಅಂಟಿಕೊಂಡು ಬಂತು. ಅಂಗೈ ಮೇಲೆ ಒರೆಸಿ ಕಣ್ಣ ಹತ್ತಿರ ತಂದ.

"ಎಲ್ಲಾರ ಗಾಡಿ ಮಣ್ಣು ತಿಂತಾವೆ. ನಿಮ್ಮದು ರೇಷ್ಮೆ ಉಟ್ಕಂಡೈತೆ ಬಿಡ್ರಿ! ಪೆಟ್ರೋಲು ಯಾವುದ್ರಲ್ಲಿ ಸೋಸ್ತೀರಾ?"

ಕನಕಾಂಬರದ ಬಣ್ಣ. ಮಂಗಳಗೌರಿ ಅದನ್ನೇ ನೋಡಿದಳು.

ಊರಲ್ಲಿ ಪೆಟ್ರೋಲು ಸಿಕ್ಕ ದಿನ ಕ್ಯಾನಿನಲ್ಲಿ ತಂದಿಟ್ಟುಕೊಳ್ಳುವುದು ಸಿದ್ದಲಿಂಗೇಶನ ರೂಢಿ. ಹಳೇ ಪಂಚೆಯ ತುಂಡಿನಲ್ಲಿ ಸೋಸಿ ಹಾಕುತ್ತಿದ್ದ. ಅವನು ತೀರಿದ ಮೇಲೆ ಪಂಚೆಗಳನ್ನೆಲ್ಲ ಕೊಟ್ಟುಬಿಟ್ಟಿದ್ದರು, ಆ ತುಂಡೂ ಅವುಗಳ ಜೊತೆ ಹೋಗಿತ್ತು. ಸೋಸಲು ನಯವಾದ ಬಟ್ಟೆ ಬೇಕಲ್ಲ ಎಂದು ಅವಳು ರೇಷ್ಮೆ ತೆಗೆದುಕೊಂಡಿದ್ದಳು.

"ಮಗ್ಗದ ಮೇಲಿತ್ತು" ಎಂದಳು. "ಅರ್ಧ ನೇಯ್ದಿದ್ರು. ಇನ್ನೊಬ್ರು ಕೂತ್ರೆ ಕೈ ಬೇರೆ ಆಗ್ತೈತೆ, ಯಾರೂ ತಗಳಲ್ಲ. ಕತ್ತರಿಸಿ ಇಳಿಸಿದ್ವಿ. ಅದ್ರಲ್ಲೇ ಒಂದು ತುಂಡು."

ಪಾಲಾಕ್ಷನ ನಗು ಅಲ್ಲೇ ನಿಂತಿತು. ಅಂಗೈಯ ಎಳೆಯನ್ನು ಕೆಳಗೆ ಕೊಡವಲೂ ಇಲ್ಲ, ಅವಳಿಗೆ ಕೊಡಲೂ ಇಲ್ಲ. ಕೊನೆಗೆ ಬಾನೆಟ್ಟಿನ ಅಂಚಿಗೆ ಅಂಟಿಸಿದ.

"ರೇಷ್ಮೆ ಕತ್ತರಿಸಿದ ಕಡೆ ಎಳೆ ಬಿಡ್ತೈತೆ ಅಕ್ಕಾ. ಪೆಟ್ರೋಲು ಸೋಸೋ ಒಳಗಿನ ಜಾಲರಿ ಬೇರೆ ಹರಿದೈತೆ, ಹೊಸದು ಹಾಕ್ತೀನಿ. ಮಾಡಿದ್ದು ತಪ್ಪೇನಲ್ಲ, ನನಗೂ ಹೊಳೀತಿರಲಿಲ್ಲ" ಎಂದು ಒಳಗಿನಿಂದ ಒಗೆದ ಹತ್ತಿ ಬಟ್ಟೆಯ ತುಂಡು ತಂದುಕೊಟ್ಟ. "ಇದ್ರಲ್ಲಿ ಸೋಸ್ರಿ. ಗಾಡಿ ಮಾರ್ತೀರಂತೆ? ಬಳ್ಳಾರಿಯೋನು ಫೋನಲ್ಲಿ ಕೇಳ್ತಿದ್ದ, ಹೆಂಗೈತೆ ಅಂತ."

"ಏನಂದೆ?"

"ನೋಡಿಲ್ಲ ಅಂದೆ."

"ಮಾರಲ್ಲ ಅನ್ನು" ಎಂದಳು. ದನಿಯಲ್ಲಿ ಗೆಲುವೂ ಇರಲಿಲ್ಲ, ಹಟವೂ ಇರಲಿಲ್ಲ.

ಎರಡು ಅಂಗಡಿಗೆ ಹೋಗಿ ಸೀರೆ ಕೊಟ್ಟಳು. ಎರಡು ಕಡೆಯೂ ಬಾಗಿಲ ಮುಂದೆ ಎಂಜಿನ್ ಆರಿಸದೆ ಇಳಿದಳು. ಹೊರಗೆ ಬಂದಾಗ ಗಾಡಿ ಹಾಗೇ ಗುರುಗುಟ್ಟುತ್ತ ಕಾಯುತ್ತಿತ್ತು.

ಊರಿಗೆ ಹಿಂದಿರುಗುವಾಗ ರೈಲ್ವೆ ಗೇಟು ಹಾಕಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕ್ ಒತ್ತಿ, ಗೇರು ಬಿಡಿಸಿದಳು. ಎಂಜಿನ್ ತಗ್ಗಿತು, ಆರಲಿಲ್ಲ. ಸೀಟಿನ ಕೆಳಗಿನಿಂದ ಸಣ್ಣ ನಡುಕ ತೊಡೆಗೆ, ಸ್ಟಿಯರಿಂಗಿನಿಂದ ಅಂಗೈಗೆ ಬರುತ್ತಿತ್ತು. ಅವನು ಮಗ್ಗದಲ್ಲಿ ಕೂತಾಗ ಅಡುಗೆಮನೆಯ ಗೋಡೆಗೆ ಒರಗಿದರೆ ಬೆನ್ನಿಗೆ ಬರುತ್ತಿದ್ದುದೂ ಇಂಥದೇ ನಡುಕ. ಗೂಡ್ಸ್ ಗಾಡಿ ಬಂತು, ಹೋಯಿತು. ಗೇಟು ಎದ್ದಿತು. ಎದುರಿನವರು ದಾಟಿ ಬಂದರು.

ಹಿಂದಿನ ಲಾರಿಯವನು ಹಾರನ್ ಬಾರಿಸಿ ಸಾಕಾಗಿ ಇಳಿದು ಬಂದ.

"ಯಾಕಕ್ಕಾ, ನಿಂತೋತಾ? ತಳ್ಳಾನಾ?"

"ಇಲ್ಲಪ್ಪಾ" ಎಂದಳು ಮಂಗಳಗೌರಿ. "ಚಾಲೂ ಐತೆ."

ಕಿಟಕಿಯ ಗಾಜು ಏರಿಸಿ ಗೇರು ಹಾಕಿದಳು.