ಹನ್ನೊಂದು ಮಂದಿಗೊಂದು ಮನೆ

ಕಲಘಟಗಿ ದಾಟಿ, ಕಾಡು ಇನ್ನೇನು ಶುರುವಾಗಬೇಕು ಎನ್ನುವಲ್ಲಿ ದೇವಿಕೊಪ್ಪ ಅಂತ ಒಂದು ಊರು. ಆ ಊರಿನಲ್ಲಿ ಒಬ್ಬ ಹುಡುಗಿ ಇದ್ದಳಂತೆ. ಹುಡುಗಿಯನ್ನೇ ನಂಬಿಕೊಂಡು ಹನ್ನೊಂದು ಮಂದಿ. ಅವರಲ್ಲಿ ಒಬ್ಬ ರಕ್ಕಸ, ಒಬ್ಬಳು ದಾರಿ ಮರೆತ ರಾಣಿ, ಒಂದು ಹುಣಸೆಮರದ ದೆವ್ವ, ಮಳೆಯನ್ನು ಉಡಿಯಲ್ಲಿ ಕಟ್ಟಿಕೊಂಡು ತಿರುಗುವ ಮುದುಕಿ. ಹನ್ನೊಂದೂ ಮಂದಿಗೆ ಊಟ ಬೇಕಿರಲಿಲ್ಲ, ಬಟ್ಟೆ ಬೇಕಿರಲಿಲ್ಲ. ಇರಲು ಒಂದು ಮನೆ ಬೇಕಿತ್ತು, ಅದೂ ಇಪ್ಪತ್ತು ದಿನದೊಳಗೆ.

ಹುಡುಗಿಯ ಹೆಸರು ಮಲ್ಲಿಕಾ. ವಯಸ್ಸು ಹತ್ತೊಂಬತ್ತು, ಕಲಘಟಗಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವಾಕೆ. ಮೂರು ವರ್ಷದಿಂದ ಫೋನಿನಲ್ಲಿ ಅವಳದೊಂದು ಆಟ. ಒಂದು ಸೈಟಿನಲ್ಲಿ ಪಾತ್ರ ಕಟ್ಟುವುದು, ಆ ಪಾತ್ರವೇ ಆಗಿ ಬರೆಯುವುದು. ಈಕೆ ರಾಣಿಯಾಗಿ ಒಂದು ಮಾತು ಬರೆದರೆ ಆ ಕಡೆಯಿಂದ ಇನ್ನೊಬ್ಬಳು ದೆವ್ವವಾಗಿ ಉತ್ತರ ಬರೆಯುತ್ತಾಳೆ. ಹಾಗೆ ಕತೆ ಬೆಳೆಯುತ್ತದೆ. ಪ್ರತಿ ಪಾತ್ರಕ್ಕೂ ಪ್ರೊಫೈಲ್ ಅಂತ ಒಂದು ಪುಟ. ಹೆಸರು, ಊರು, ರೂಪ, ಏನು ಕಂಡರೆ ಅಂಜಿಕೆ, ಏನು ಕಂಡರೆ ಪ್ರೀತಿ, ಎಲ್ಲ ಅದರಲ್ಲಿ. ಮೊದಲು ಆಡುವವರು ಆರು ಜನ ಇದ್ದರು. ಒಬ್ಬೊಬ್ಬರೇ ಬಿಟ್ಟುಹೋಗಿ ಇಬ್ಬರು ಉಳಿದಿದ್ದರು: ಮಲ್ಲಿಕಾ, ಮತ್ತು ಅಳ್ನಾವರದ ಜ್ಯೋತ್ಸ್ನಾ. ಇಬ್ಬರೂ ಒಮ್ಮೆಯೂ ಮುಖ ನೋಡಿಕೊಂಡವರಲ್ಲ, ಒಬ್ಬರ ದನಿಯನ್ನು ಇನ್ನೊಬ್ಬರು ಕೇಳಿದವರೂ ಅಲ್ಲ.

ತಿಂಗಳ ಕೊನೆಗೆ ಆ ಸೈಟು ಮುಚ್ಚುತ್ತದೆ ಎಂದು ಸೂಚನೆ ಬಂದಾಗ ಜ್ಯೋತ್ಸ್ನಾಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಪರೀಕ್ಷೆ ಮುಗಿಯುವ ತನಕ ಅವಳ ಫೋನು ಅಪ್ಪನ ಕಪಾಟಿನಲ್ಲಿ. ಕೊಡುವ ಮೊದಲು ಆಕೆ ಬರೆದಳು:

"ನನ್ನ ನಾಲ್ಕೂ ಮಂದೀನ ನಿನ್ನ ಕೈಯಾಗ ಹಾಕೀನಿ. ಎಲ್ಲಿ ಇಡಬೇಕು ಅಂತ ನೀನ ನೋಡು. ಆದ್ರ ಸುರಗೀನ ಮಾತ್ರ ಯಾರ್ ಬೇಕಾದವರು ನೋಡೋ ಜಾಗಾದಾಗ ಇಡಬ್ಯಾಡ. ಮಾತು ಕೊಡು."

"ಕೊಟ್ಟೆ," ಎಂದು ಮಲ್ಲಿಕಾ ಬರೆದಳು.

ಸುರಗಿ ತೊದಲುವ ಹುಡುಗಿ. ಅವಳನ್ನು ಕಟ್ಟಿದ ಜ್ಯೋತ್ಸ್ನಾಳೂ ಹಾಗೆಯೇ. ಸುರಗಿಯ ಪುಟದಲ್ಲಿ ಹೀಗೆ ಬರೆದಿತ್ತು: 'ಊರು ಅಳ್ನಾವರ, ರೈಲ್ವೆ ಗೇಟಿನ ಬದಿಯ ಹಳದಿ ಮನೆ. ಇವಳ ಮಾತುಗಳು ಹಳ್ಳ ದಾಟುವ ಮೇಕೆಗಳ ಹಾಗೆ. ಒಂದೊಂದಾಗಿ ದಾಟುತ್ತವೆ, ಕೊನೆಯದು ನೀರು ನೋಡಿ ನಿಂತುಬಿಡುತ್ತದೆ. ಅದನ್ನು ಎತ್ತಿಕೊಂಡು ಬರಲು ಹೋಗಬೇಡಿ. ಕಾಯಿರಿ.' ಮನೆಯಲ್ಲಿ ಎಲ್ಲರೂ ತನ್ನ ಮಾತನ್ನು ತಾವೇ ಮುಗಿಸುತ್ತಾರೆ, ಈ ಪುಟ ಅವರ ಕಣ್ಣಿಗೆ ಬಿದ್ದರೆ ಇದಕ್ಕೂ ಒಂದು ಔಷಧ ಹುಡುಕುತ್ತಾರೆ ಎಂದು ಜ್ಯೋತ್ಸ್ನಾ ಹಿಂದೊಮ್ಮೆ ಹೇಳಿಕೊಂಡಿದ್ದಳು.

ಮಲ್ಲಿಕಾ ಮನೆ ಹುಡುಕಲು ಹೊರಟಳು. ಹೊರಟಳು ಎಂದರೆ, ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ರೇಣುಕವ್ವನ ಮಗ್ಗುಲಿಗೆ ಫೋನು ಹಿಡಿದು ಕೂತಳು. ರಾಣಿ, ರಕ್ಕಸ, ದೆವ್ವ ಎಲ್ಲ ರೇಣುಕವ್ವನ ಬಾಯಿಂದಲೇ ಇಳಿದು ಬಂದವರು. ಹಾಗಾಗಿ ಅವರಿಗೆ ನೆಲೆ ನೋಡುವುದು ಆಕೆಗೆ ತನ್ನದೇ ಮನೆಯ ಕೆಲಸ.

"ಹೆಂತಾ ಮನಿ ಅದಾವ ಹೇಳು," ಎಂದಳು ರೇಣುಕವ್ವ.

"ಇದೊಂದು ನೋಡ ಆಯಿ. ಪುಕ್ಕಟ ಕೊಡ್ತಾರ. ಬಣ್ಣಾನೂ ಅಗದಿ ಚಂದ ಐತಿ."

ಅಲ್ಲಿ ಹಾಕಿ ತೋರಿಸಿದ ರಾಣಿಯ ಪುಟವನ್ನು ರೇಣುಕವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ರಾಣಿ ಬಾಜೂಕ ಬನೀನ ಹಾಕ್ಕೊಂಡು ನಿಂತಾನಲ್ಲ, ಅಂವ ಯಾರು?"

"ಅದು ಜಾಹೀರಾತು. ಪುಕ್ಕಟ ಐತಲ್ಲ, ಅದಕ್ಕ ಬರ್ತಾವ."

"ಬ್ಯಾಡ ತಗಿ. ಮೊದಲ ಆಕಿ ದಾರಿ ಮರತಾಕಿ. ಅವನ ಹಿಂದ ಹೊಂಟ್ರ ಏನ್ ಮಾಡ್ತೀ?"

ಎರಡನೆಯದು ಮೆಸೇಜು ಗುಂಪು. ಹೊಸದು ಬಂದಂತೆ ಹಳೆಯದು ಮೇಲಕ್ಕೆ ಸರಿದು ಕಾಣದಾಗುತ್ತದೆ ಎಂದು ಮಲ್ಲಿಕಾ ವಿವರಿಸಿದಳು. "ಸಂತ್ಯಾಗ ಸಂಸಾರ ಹೂಡಿದಂಗಾತು," ಎಂದಳು ಅಜ್ಜಿ. ಮೂರನೆಯದು ಫೋಟೋ ಹಾಕುವ ಜಾಗ. ಅಲ್ಲಿ ನೆಂಟರೆಲ್ಲ ಇದ್ದರು. ಒಬ್ಬ ಸೋದರಮಾವನಂತೂ ಮಲ್ಲಿಕಾ ಏನು ಹಾಕಿದರೂ ಕೈಮುಗಿದ ಚಿತ್ರ ಕಳಿಸುವವನು. ಹುಣಸೆಮರದ ದೆವ್ವಕ್ಕೂ ಅವನು ಕೈಮುಗಿಯುವುದನ್ನು ನೆನೆದು ಇಬ್ಬರೂ ನಕ್ಕರು.

ನಾಲ್ಕನೆಯದು, ಹಲವರು ಸೇರಿ ಬರೆಯಬಹುದಾದ ಒಂದು ಕಡತ. ಲಿಂಕ್ ಇದ್ದವರಿಗಷ್ಟೇ ಅದು ತೆರೆಯುತ್ತದೆ. ಜಾಹೀರಾತಿನ ಕಾಟ ಇಲ್ಲ. ಇದೇ ಸರಿ ಎಂದು ಮಲ್ಲಿಕಾ ಮೂರು ದಿನ ಕೂತು ಹನ್ನೊಂದೂ ಪುಟಗಳನ್ನು ಅದರೊಳಗೆ ತಂದಳು. ಸುರಗಿಯದು ಎಲ್ಲಕ್ಕೂ ಕೊನೆಗೆ. ಬೇರೆ ಫೋನಿನಲ್ಲಿ ಅಕ್ಷರ ಒಡೆಯುತ್ತವೋ ಏನೋ ನೋಡಬೇಕಿತ್ತು. ಪಕ್ಕದ ಮನೆಯ ಸುನೀತಾಳಿಗೆ ಲಿಂಕ್ ಕಳಿಸಿ, "ತಗದು ನೋಡಿ ಹೇಳ ಅಕ್ಕಾ," ಎಂದಳು.

ಸುನೀತಾ ಊರ ಮಹಿಳಾ ಸಂಘದ ಕಾರ್ಯದರ್ಶಿ. ಯಾರ ಮಗ ಪಾಸಾದ, ಯಾರ ಎಮ್ಮೆ ಕರು ಹಾಕಿತು, ಊರಿನ ಒಳ್ಳೆಯ ಸುದ್ದಿಯೆಲ್ಲ ಸಂಘದ ವಾಟ್ಸಾಪ್ ಗುಂಪಿಗೆ ಅವಳ ಕೈಯಿಂದಲೇ ಹೋಗುವುದು. ಓಣಿಯ ಹುಡುಗಿ ಕತೆ ಬರೆದಿದ್ದಾಳೆ ಎಂದರೆ ಸುಮ್ಮನಿರಲು ಅವಳಿಂದ ಆದೀತೇ? 'ನಮ್ಮ ಮಲ್ಲಿಕಾ ಬರದಾಳ, ಎಲ್ಲಾರೂ ಓದ್ರಿ' ಎಂದು ಲಿಂಕನ್ನು ಗುಂಪಿಗೆ ಹಾಕಿಬಿಟ್ಟಳು.

ಸಂಜೆ ಮಲ್ಲಿಕಾ ಕಡತ ತೆರೆದರೆ ಮೇಲಿನ ಮೂಲೆಯಲ್ಲಿ ಬಣ್ಣಬಣ್ಣದ ದುಂಡು ಚುಕ್ಕೆಗಳು. ಗುರುತಿಲ್ಲದೆ ಬಂದವರಿಗೆ ಆ ಕಡತ ತಾನೇ ಒಂದು ಪ್ರಾಣಿಯ ಹೆಸರು ಇಡುತ್ತದೆ.

"ಆಯಿ, ಯಾರ್ಯಾರೋ ಬರಾಕ್ಹತ್ಯಾರ."

"ಯಾರು?"

"ನರಿ. ಒಂಟಿ. ಈಗ ಆಮಿ ಬಂತು."

"ಖರೇ ಹೆಸರು ಕೇಳು."

"ಕೇಳಾಕ ಬರೂದಿಲ್ಲ."

ರೇಣುಕವ್ವ ಫೋನಿನ ಕಡೆ ಬಾಗಿದಳು. "ಹೆಸರು ಕೇಳದ ಯಾಕ ಒಳಗ ಬಿಟ್ಟಿ?"

ಅದು ಆಕೆಯ ರಿವಾಜು. ಕರೆಂಟು ಹೋದ ಸಂಜೆಗಳಲ್ಲಿ ಪಡಸಾಲೆಯಲ್ಲಿ ಮಕ್ಕಳು ಕತೆಗೆ ಕೂತರೆ, ಮೊದಲು ಒಬ್ಬೊಬ್ಬರೂ ಹೆಸರು ಹೇಳಬೇಕು. ಬಾಗಿಲ ಮರೆಯಲ್ಲಿ ನಿಂತ ದೊಡ್ಡವರೂ ಹೇಳಬೇಕು. ಆಮೇಲೆಯೇ ಕತೆ. ಯಾರು ಕೂತಿದ್ದಾರೆಂದು ತಿಳಿಯದೆ ಹೇಳಿದರೆ ಯಾವ ಮಾತು ಯಾರಿಗೆ ಚುಚ್ಚುತ್ತದೋ ಎನ್ನುತ್ತಿದ್ದಳು. ಸಣ್ಣವಳಿದ್ದಾಗಿನಿಂದ ಹೆಸರು ಹೇಳಿ ಹೇಳಿ ಕೂತ ಮಲ್ಲಿಕಾ, ತನ್ನ ಬಾಗಿಲಲ್ಲಿ ಕೇಳುವುದನ್ನೇ ಮರೆತಿದ್ದಳು.

ಒಂಟೆ, ಆಮೆಗಳೆಲ್ಲ ರಕ್ಕಸನ ಪುಟದಲ್ಲೇ ಸುಳಿದಾಡುತ್ತಿದ್ದವು. ನರಿ ಮಾತ್ರ ಒಂದೊಂದೇ ಪುಟ ಇಳಿದು ಸುರಗಿಯ ಪುಟದಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು. ಮಲ್ಲಿಕಾ ತಡವರಿಸುತ್ತ ಬಾಗಿಲು ಮುಚ್ಚುವ ಗುಂಡಿ ಹುಡುಕಿ ಒತ್ತಿದಳು. ಪ್ರಾಣಿಗಳೆಲ್ಲ ಒಟ್ಟಿಗೆ ಮಾಯವಾದವು.

ಸುನೀತಾ ಮರುದಿನ ಬೆಳಿಗ್ಗೆಯೇ ಬಂದು, "ತಪ್ಪಾತೇನವಾ? ಖುಶಿಗೆ ಹಾಕಿದ್ನಿ," ಎಂದು ಮುಖ ಸಣ್ಣ ಮಾಡಿಕೊಂಡು ಗುಂಪಿನಿಂದ ಲಿಂಕ್ ಅಳಿಸಿದಳು. ಆದರೆ ನರಿ ಯಾರೆಂದು ಅವಳಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಮಲಕಪ್ಪನ ಕಿರಾಣಿ ಅಂಗಡಿಯಲ್ಲಿ, ಬೆಲ್ಲ ತರಲು ಹೋದಾಗ.

"ಬಾರವಾ," ಎಂದ ಮಲಕಪ್ಪ. "ಆ ರಕ್ಕಸ ಮೀಸಿ ತಿರುವಿಕೋತ ಬೆಲ್ಲ ತೂಗ್ತಾನಲ್ಲ, ಅಂವ ನಾನ ಹೌದಿಲ್ಲೋ?"

"ಅಲ್ರಿ ಕಾಕಾ."

"ಮತ್ತ ಅವನ ತಕ್ಕಡಿ ಯಾಕ ನನ್ನ ತಕ್ಕಡಿ ಹಂಗ ಎಡಕ್ಕ ವಾಲ್ತೈತಿ? ಹೋಗ್ಲಿ ಬಿಡು. ಸೊಸಿ ಫೋನ್‌ನ್ಯಾಗ ಓದಿದ್ಲು. ನಾನೂ ನಮ್ಮನಿಯಾಕೀನೂ ಕುಂತು ಕೇಳಿದ್ವಿ. ಕಡೀತನಾ ಕೇಳಿದ್ವಿ." ದನಿ ಇಳಿಸಿದ. "ಅಳ್ನಾವರ ಗೇಟಿನ ಹತ್ರ ಹಳದಿ ಮನಿ ಅಂದ್ರ ಕೃಷ್ಣಾಜಿ ಮಾಸ್ತರ ಮನಿ. ನನ್ನ ತಂಗಿ ಅದ ಓಣ್ಯಾಗ ಇರ್ತಾಳ. ಆ ತೊದಲೋ ಹುಡಗಿ ಮಾಸ್ತರ ಮಗಳ ಹೌದಲ್ಲ?"

"ಯಾರ ಮುಂದೂ ಹೇಳಬ್ಯಾಡ್ರಿ ಕಾಕಾ. ನಾ ಆಕಿಗೆ ಮಾತು ಕೊಟ್ಟಿದ್ನಿ."

ಮಲಕಪ್ಪ ಬೆಲ್ಲವನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಗಂಟು ಹಾಕಿದ. "ಹೇಳೂದಿಲ್ಲ. ನನ್ನ ತಂಗಿಗೂ ಹೇಳೂದಿಲ್ಲ. ನಾ ಬ್ಯಾರೇನ ಹೇಳಬೇಕು ಅಂತ ಇದ್ದೆ. ನಮ್ಮನಿಯಾಕಿ ಸಂಕವ್ವಗ ಲಕ್ವಾ ಹೊಡದು ಎಂಟು ತಿಂಗಳಾತು, ನಿನಗ ಗೊತ್ತೈತಿ. ಮಾತು ಸಾವಕಾಶ ಬರ್ತಾವ. ದಿನಾ 'ಕಿಟಕಿ' ಅಂತಾಳ, ನಾ ಎದ್ದು ಮುಚ್ತೇನಿ. ಗಾಳಿ ಬಡೀತೈತಿ ಅಂತಾಳ ಅಂತ ತಿಳ್ಕೊಂಡಿದ್ನಿ. ನಿನ್ನಿ ಆ ಹುಡಗಿ ಕತಿ ಕೇಳಿದ ಮ್ಯಾಲ, ಕಿಟಕಿ ಅಂದಾಗ ಏಳದ ಕುಂತೆ. ಒಂದು ಬೀಡಿ ಸೇದೂವಷ್ಟು ಹೊತ್ತಾತು. 'ಬಾಜೂಕ ಹಾಸಿಗಿ ಹಾಕು' ಅಂದ್ಲು. ಹೊರಗ ನೋಡಬೇಕಾಗೈತಿ ಆಕಿಗೆ. ಎಂಟು ತಿಂಗಳ ನಾ ಮುಚ್ಚಿಕೋತ ಬಂದೇನಿ."

ಮಲ್ಲಿಕಾ ಮನೆಗೆ ಬರುವಾಗ ಅವಳ ಎದೆ ಅರ್ಧ ಹಗುರ, ಅರ್ಧ ಭಾರ. ಎಲ್ಲವನ್ನೂ ಅಜ್ಜಿಯ ಮುಂದೆ ಇಟ್ಟಳು. ಕೊನೆಗೆ, "ಒಳ್ಳೇದ ಆತಲ್ಲ ಆಯಿ," ಎಂದಳು.

"ಒಳ್ಳೇದಾತು. ಅಷ್ಟಕ್ಕ ನೀ ಮಾತು ಮುರದದ್ದು ಇಲ್ಲಂತ ಆಗೂದಿಲ್ಲ. ಆಕಿಗೆ ಹೇಳು."

"ಆಕೀ ಕಡೆ ಫೋನಿಲ್ಲ."

"ಬಂದ ದಿನಾ ಹೇಳು. ಅಲ್ಲೀತನಾ ಆ ಹುಡಗೀನ ಯಾ ಮನಿಗೂ ಕರ್ಕೊಂಡು ಹೋಗಬ್ಯಾಡ. ಹೆತ್ತಾಕಿ ಬಂದು ಹೇಳ್ಲಿ."

ಐದನೆಯ ಜಾಗ ಹುಡುಕಲು ಮತ್ತೊಂದು ವಾರ ಹಿಡಿಯಿತು. ಅದೊಂದು ಸಣ್ಣ ಸೈಟು, ನೋಡಲು ಸಪ್ಪೆ, ಅಷ್ಟೇನೂ ಬಣ್ಣವಿಲ್ಲ. ಆದರೆ ಅಲ್ಲಿ ಪುಟಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡಬಹುದಿತ್ತು. ಒಳಗಿನ ಕೋಣೆಗೆ ಬರುವವರು ಹೆಸರು ಬರೆದು ಕಾಯಬೇಕು. ಕೀಲಿ ಇದ್ದವರು ತೆರೆದರೆ ಮಾತ್ರ ಪ್ರವೇಶ. ಮಲ್ಲಿಕಾ ತನ್ನ ಏಳು ಮಂದಿಯನ್ನು ಹೊರಗಿನ ಪಡಸಾಲೆಯಲ್ಲಿ ಕೂರಿಸಿದಳು. ರಕ್ಕಸನ ತಕ್ಕಡಿಯನ್ನು ನೆಟ್ಟಗೆ ಮಾಡಿದಳು. ಜ್ಯೋತ್ಸ್ನಾಳ ಮೂವರನ್ನು ಒಳಗೆ ಕಳಿಸಿದಳು. ಸುರಗಿಯ ಪುಟವನ್ನು ಮಾತ್ರ ಒಂದು ನೋಟ್‌ಬುಕ್ಕಿಗೆ ಪೆನ್ನಿನಲ್ಲಿ, ಒಂದಕ್ಷರ ಬಿಡದೆ ಇಳಿಸಿಕೊಂಡು, ಕಡತವನ್ನು ಅಳಿಸಿಹಾಕಿದಳು. ತಿಂಗಳ ಕೊನೆಗೆ ಹಳೆಯ ಸೈಟು ತೆರೆದರೆ ಬರೀ ಬಿಳಿ ಹಾಳೆ. ಜಗತ್ತಿನಲ್ಲಿ ಸುರಗಿ ಇದ್ದದ್ದು ರೇಣುಕವ್ವನ ಟ್ರಂಕಿನೊಳಗೆ, ಇಳಕಲ್ ಸೀರೆಯ ಕೆಳಗೆ.

ಒಂದು ಮಂಗಳವಾರ ಮಧ್ಯಾಹ್ನ ಜ್ಯೋತ್ಸ್ನಾಳ ಮೆಸೇಜು ಬಂತು. "ಪರೀಕ್ಷಾ ಮುಗೀತು. ನಮ್ಮ ಮಂದಿ ಎಲ್ಲಿದ್ದಾರ?"

ಮಲ್ಲಿಕಾ ಬಸ್ಸಿನಲ್ಲಿ ನಿಂತೇ ಬರೆದಳು. ಸುನೀತಾ, ಪ್ರಾಣಿಗಳು, ಮಲಕಪ್ಪ ಗುರುತು ಹಿಡಿದದ್ದು, ಕಿಟಕಿ, ನೋಟ್‌ಬುಕ್ಕು. ತಪ್ಪನ್ನು ಸುನೀತಾಳ ಮೇಲೆ ಹಾಕಲಿಲ್ಲ. 'ಬಾಗಲಾ ತಗದಾಕಿ ನಾನ' ಎಂದೇ ಬರೆದಳು. ಆ ಕಡೆ ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಬುಧವಾರವೂ ಇಲ್ಲ. ಮಲ್ಲಿಕಾ ಊಟದ ತಟ್ಟೆಯ ಮುಂದೆ ರೊಟ್ಟಿ ಮುರಿದು ಮುರಿದು ಹಾಗೇ ಕೂತಳು. ರೇಣುಕವ್ವ ಅವಳ ತಟ್ಟೆಗೆ ಮೊಸರು ಹಾಕಿದಳು.

ಗುರುವಾರ ಉತ್ತರ ಬಂತು. "ನನಗ ಸಿಟ್ಟು ಬಂದದ. ಇನ್ನೂ ಹೋಗಿಲ್ಲ. ಆದ್ರ ಒಂದು ಹೇಳು, ಅವರ ಹಾಸಿಗಿ ಕಿಟಕಿ ಬಾಜೂಕ ಹಾಕ್ಯಾರೇನು?"

ಮಲ್ಲಿಕಾ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಅಂಗಡಿಯ ಹಿಂದಿನ ಮನೆ. ಕಿಟಕಿ ಪೂರಾ ತೆರೆದಿತ್ತು. ಸಂಕವ್ವ ದಿಂಬಿಗೆ ಒರಗಿ ರಸ್ತೆ ನೋಡುತ್ತಿದ್ದಳು. ಮಲ್ಲಿಕಾಳನ್ನು ಕಂಡು ಎಡಗೈ ಎತ್ತಿ ಬಾ ಎಂದಳು.

"ಹಾಕ್ಯಾರ," ಎಂದು ಮಲ್ಲಿಕಾ ಅಲ್ಲಿಂದಲೇ ಬರೆದಳು. "ಈಗ ಕಣ್ಣಾರೆ ನೋಡೇನಿ. ಹೋಗಿ ಬರೂ ಬಸ್ ನೋಡಾಕ್ಹತ್ಯಾಳ."

ಜ್ಯೋತ್ಸ್ನಾ ಬರೆದಳು: "ಹಂಗಾರ ಸುರಗೀನ ಒಳಗಿನ ಖೋಲ್ಯಾಗ ಇಡು. ಹಳದಿ ಮನಿ ಅನ್ನೋದು ತಗದುಬಿಡು, ಅದು ನಂದ ತಪ್ಪು. ಕೀಲಿ ಮಾತ್ರ ನನ್ನ ಕಡೆ ಇರಲಿ. ಯಾರನ್ನ ಬಿಡಬೇಕು ಅನ್ನೋದು ನಾ ನೋಡ್ತೀನಿ. ಮೊದಲನೇ ಹೆಸರು ಅವರದ ಬರೀತೀನಿ. ಏನಂದಿ, ಸಂಕವ್ವ ಅಲ್ಲ?"

ಮನೆಗೆ ಬಂದು ಮಲ್ಲಿಕಾ ಟ್ರಂಕು ತೆಗೆಸಿದಳು. ಕಟ್ಟೆಯ ಮೇಲೆ ನೋಟ್‌ಬುಕ್ಕು ಹರವಿ, ಗಾಳಿಗೆ ಹಾಳೆ ಹಾರದಂತೆ ರೇಣುಕವ್ವ ಬೆರಳು ಒತ್ತಿ ಹಿಡಿದಳು. ಮಲ್ಲಿಕಾ ಒಂದೊಂದೇ ಸಾಲು ನೋಡಿ ಫೋನಿನಲ್ಲಿ ಒತ್ತುತ್ತ ಹೋದಳು. ಹಳದಿ ಮನೆಯ ಸಾಲನ್ನು ಬಿಟ್ಟಳು. ಬಿಸಿಲು ಕಟ್ಟೆಯಿಂದ ಕೆಳಗಿಳಿಯುವಷ್ಟರಲ್ಲಿ ಪುಟ ತುಂಬಿತು. ಮೊದಲಿಂದ ಒಮ್ಮೆ ಓದಿ, ಒಳಗಿನ ಕೋಣೆಯಲ್ಲಿ ಉಳಿದ ಮೂವರ ನಡುವೆ ಸುರಗಿಯನ್ನು ಕೂರಿಸಿ, ಸೇವ್ ಒತ್ತಿದಳು. ಆಮೇಲೆ ಕೀಲಿಯನ್ನು ಜ್ಯೋತ್ಸ್ನಾಳ ಹೆಸರಿಗೆ ಮಾಡಿಕೊಟ್ಟಳು.