ಅಣ್ಣನ ಎತ್ತರದ ಹ್ಯಾಂಡಲ್

ಆಸ್ತಿ ಭಾಗವಾದಾಗ ಅಪ್ಪನ ಹಳೇ ಸೈಕಲ್ಲನ್ನು ಮಾತ್ರ ಭಾಗ ಮಾಡಲಾಗದೆ, ಅಣ್ಣ ರವೀಂದ್ರನಿಗೊಂದು ವಾರ, ನನಗೊಂದು ವಾರ ಎಂದರು ಪಂಚಾಯ್ತಿಯವರು. ಅವನು ಉದ್ದ, ನಾನು ಕುಳ್ಳ. ನನ್ನ ಸರದಿ ಬಂದಾಗಲೆಲ್ಲ ಹ್ಯಾಂಡಲ್ ನನ್ನ ಎದೆಮಟ್ಟಕ್ಕಿರುತ್ತಿತ್ತು. ಅದನ್ನು ತಗ್ಗಿಸೋಣವೆಂದರೆ ಬೋಲ್ಟನ್ನು ಬೇಕೆಂದೇ ಜಡಿದು ಬಿಗಿದಿರುತ್ತಿದ್ದ. ಸ್ಪ್ಯಾನರ್ ಹಿಡಿದು ಹಿಡಿದು ನನ್ನ ಅಂಗೈ ಸುಲಿದಿತ್ತು. ಎರಡು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಈ ಭಾನುವಾರ ಒಪ್ಪಿಸುವಾಗ, ಮೊದಲ ಸಲ, ಹ್ಯಾಂಡಲನ್ನು ಅವನ ಎತ್ತರಕ್ಕೆ ನಾನೇ ಏರಿಸಿಟ್ಟೆ. ಬೋಲ್ಟನ್ನು ಅರ್ಧ ಮಾತ್ರ ಬಿಗಿದೆ.

ಮರುದಿನ ಬೆಳಿಗ್ಗೆ ಅವನು ಅದನ್ನು ನೋಡಿ, "ಈಗ ಬುದ್ಧಿ ಬಂದೈತೆ ಕಣವ್ವ ಅವ್ನಿಗೆ" ಎನ್ನುತ್ತಾ ಅವ್ವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡ. ಮುಂದಿರುವುದು ತೊಣ್ಣೂರು ಕೆರೆ ಏರಿಯ ಇಳಿಜಾರು.

"ಅವ್ವ, ನೀನೊಬ್ಳು ಇಳ್ಕೊ" ಎಂದೆ.